ಶಾರದಕ್ಕನ ಮನೆಗಾಡಿ

ಜೋಗುಪಾಳ್ಯ

ನಾನು ನ್ಯೂಜಿಲೆಂಡ್ ನೋಡಲು ಹೋದವಳಲ್ಲ, ಅಕ್ಕನನ್ನು ಕರೆದುಕೊಂಡು ಬರಲು ಹೋದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಾಪಸ್ ಬಂದಾಗಿನಿಂದ ಹಲಸೂರು ಮಾರ್ಕೆಟ್ಟಿನಲ್ಲಿ ಸಿಕ್ಕವರೆಲ್ಲ ಹಿಮದ ಬೆಟ್ಟ ಹೇಗಿತ್ತು, ಸರೋವರ ಹೇಗಿತ್ತು ಅಂತ ಕೇಳುತ್ತಿದ್ದಾರೆ. ಇತ್ತು, ಚೆನ್ನಾಗಿಯೇ ಇತ್ತು. ಆದರೆ ನನ್ನ ಕಣ್ಣೆಲ್ಲ ಇದ್ದದ್ದು ಸ್ಟಿಯರಿಂಗ್ ಹಿಡಿದ ಅಕ್ಕನ ಕೈಗಳ ಮೇಲೆ.

ಶಾರದಕ್ಕ ನನಗಿಂತ ಆರು ವರ್ಷ ದೊಡ್ಡವಳು. ನರ್ಸ್ ಕೆಲಸ ಹಿಡಿದು ಕ್ರೈಸ್ಟ್‌ಚರ್ಚ್ ಸೇರಿ ಬಹಳ ಕಾಲವಾಯಿತು. ಭಾವ ಕೆ.ಆರ್. ಪುರದ ಕಡೆ ಫ್ಯಾಕ್ಟರಿಯಲ್ಲಿದ್ದ ಕೆಲಸ ಬಿಟ್ಟು ಅವಳ ಜೊತೆ ಹೋದರು. ಹೆಂಡತಿಯ ಕೆಲಸಕ್ಕಾಗಿ ಗಂಡ ಊರು ಬಿಡುವುದೆಂದರೆ ಆ ಕಾಲದಲ್ಲಿ ನಮ್ಮ ಬೀದಿಯವರಿಗೆ ತಿಂಗಳುಗಟ್ಟಲೆ ಆಡಿಕೊಳ್ಳಲು ಸಾಕಾಗುವ ವಿಷಯ. ಅವರಿಗೆ ಮಕ್ಕಳಿಲ್ಲ. ನನಗೆ ಮದುವೆಯೇ ಇಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ಕೂತು ರಿಟೈರ್ ಆದೆ, ಜೋಗುಪಾಳ್ಯದಲ್ಲೇ ಉಳಿದೆ. ಹೀಗಾಗಿ ಈಗ ನನಗೆ ಅಕ್ಕ, ಅಕ್ಕನಿಗೆ ನಾನು, ಅಷ್ಟೇ.

ಭಾವ ರಿಟೈರ್ ಆದಮೇಲೆ ಒಂದು ಮೋಟಾರ್‌ಹೋಮ್ ಕೊಂಡರು. ವ್ಯಾನಿನೊಳಗೇ ಮಂಚ, ಒಲೆ, ಸಿಂಕು, ಕಕ್ಕಸು ಎಲ್ಲ ಇರುವ ಗಾಡಿ. ನಾವು ಅದಕ್ಕೆ ಮನೆಗಾಡಿ ಎಂದೇ ಹೆಸರಿಟ್ಟೆವು. ಇಡೀ ದೇಶ ಸುತ್ತುವುದು ಅಂತ ಭಾವನ ಆಸೆ. ಗಾಡಿ ಮನೆಗೆ ಬಂದು ಕೆಲವೇ ವಾರಕ್ಕೆ ಅವರ ಹೃದಯ ನಿಂತುಹೋಯಿತು. ಒಂದು ಊರನ್ನೂ ನೋಡದೆ ಗಾಡಿ ಮನೆಯ ಮುಂದೆಯೇ ನಿಂತಿತ್ತು. ಒಂದು ವರ್ಷ ದಾಟಿದ ಮೇಲೆ ಅಕ್ಕ ಫೋನ್ ಮಾಡಿದಳು. "ಕೊಂಡ್ಕೊಳ್ಳೋರು ಸಿಕ್ಕಿದಾರೆ ಪದ್ದು. ನಿನ್ ಭಾವ ಅಷ್ಟು ಆಸೆಪಟ್ಟು ತಂದಿದ್ದು, ಒಂದೇ ಒಂದು ಸಲ ಓಡ್ಸಿ ಮಾರ್‍ಬಿಡ್ತೀನಿ. ನೀನೂ ಬಾ. ಆಮೇಲೆ ನಿನ್ ಜೊತೆ ಬಂದ್ಬಿಡ್ತೀನಿ."

ನಾನು ಮಾರನೆಯ ದಿನವೇ ಬಣ್ಣ ಬಳಿಯುವವರನ್ನು ಕರೆಸಿ ಮಹಡಿಯ ಮೇಲಿನ ರೂಮಿಗೆ ತಿಳಿ ಹಸಿರು ಬಣ್ಣ ಹೊಡೆಸಿದೆ. ಶಿವಾಜಿನಗರಕ್ಕೆ ಹೋಗಿ ಹೊಸ ಪರದೆ ತಂದೆ, ಜೊತೆಗೆ ಗಾಡಿಯ ಒಲೆಗೆ ಹಿಡಿಸುವಂಥ ಒಂದು ಪುಟ್ಟ ದೋಸೆ ಕಾವಲಿಯನ್ನೂ. ಕಾವಲಿ ಮಾರಿದ ಸಾಬರು ಅಷ್ಟು ದೂರ ಕಬ್ಬಿಣ ಹೊತ್ತುಕೊಂಡು ಹೋಗ್ತೀರಾ ಅಮ್ಮಾ, ಅಲ್ಲಿ ಕಬ್ಬಿಣ ಸಿಗಲ್ವಾ ಅಂತ ಕೇಳಿದರು. ಇಬ್ಬರೂ ಒಟ್ಟಿಗೆ ವಯಸ್ಸಾಗುವುದು ಅಂತ ನಾನು ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಿದ್ದೆ. ಗಾಡಿ ಮಾರಾಟವಾದರೆ ಅಕ್ಕ ಬರುತ್ತಾಳೆ. ಲೆಕ್ಕ ಅಷ್ಟು ಸುಲಭವಾಗಿತ್ತು.

ಈಗ ಬೆಂಗಳೂರಿನಲ್ಲೂ ಇಂಥ ಗಾಡಿ ಕೊಳ್ಳುವವರು ಹುಟ್ಟಿಕೊಂಡಿದ್ದಾರಂತೆ. ಅವರಿಗೆ ದಾರಿಯುದ್ದಕ್ಕೂ ನನ್ನ ಕಡೆಯಿಂದ ಕೆಲವು ಬುದ್ಧಿಮಾತು ಪುಕ್ಕಟೆ ಸಿಗುತ್ತವೆ. ಎಲ್ಲವೂ ನಾವು ಕೆಟ್ಟು ಕಲಿತವು.

ಕ್ರೈಸ್ಟ್‌ಚರ್ಚ್

ವಿಮಾನ ನಿಲ್ದಾಣದಲ್ಲಿ ನನ್ನ ಕರಿಬೇವನ್ನು ಕಿತ್ತುಕೊಂಡರು. ಹೊರಗಿನ ಸೊಪ್ಪು ಒಳಗೆ ಬಿಡುವುದಿಲ್ಲವಂತೆ. ಅಧಿಕಾರಿ ಹುಡುಗಿ ತುಂಬ ಮರ್ಯಾದೆಯಿಂದ ಕ್ಷಮಿಸಿ ಅಂತ ಹೇಳಿಯೇ ಕಸದ ಡಬ್ಬಿಗೆ ಹಾಕಿದಳು. ಕಾವಲಿಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

ಅಕ್ಕ ಸೊರಗಿದ್ದಳು. ಮನೆಯಲ್ಲಿ ಟಿವಿ ಇದ್ದ ಕೋಣೆ ಬಿಟ್ಟರೆ ಬೇರೆ ಕೋಣೆಗಳಲ್ಲಿ ದೀಪವನ್ನೇ ಹಾಕುತ್ತಿರಲಿಲ್ಲ. ಬಂದ ದಿನವೇ ಗಾಡಿ ತೋರಿಸಿದಳು. ಬಿಳಿ ಬಣ್ಣದ್ದು, ನಮ್ಮ ಕಡೆಯ ಮಿನಿ ಬಸ್ಸಿನಷ್ಟು ಉದ್ದ. ಒಳಗೆ ಎಲ್ಲಿ ಮುಟ್ಟಿದರೂ ಒಂದು ಬೀರು ತೆರೆದುಕೊಳ್ಳುತ್ತದೆ. ಮಂಚದ ಕೆಳಗಿನ ಬೀರುವಿನ ಹತ್ತಿರ ಕೈ ಹೋದಾಗ ಅಕ್ಕ ಬೇಡ ಅಂದಳು. ಪ್ರವಾಸಕ್ಕೆಂದು ಭಾವ ತಾವೇ ಜೋಡಿಸಿಟ್ಟ ಬಟ್ಟೆಬರೆ ಅದರಲ್ಲಿತ್ತು. ಅವರು ಹೋದಮೇಲೆ ಅವಳು ಅದನ್ನು ತೆರೆದಿರಲಿಲ್ಲ.

ಅಕ್ಕನಿಗೆ ಗಾಡಿ ಓಡಿಸಲು ಬರುತ್ತಿತ್ತು, ಆದರೆ ಮುಂದಕ್ಕೆ ಮಾತ್ರ. ಅಂಗಡಿಗಳು ಮುಚ್ಚಿದ ಹೊತ್ತಿನಲ್ಲಿ ದೊಡ್ಡ ಪಾರ್ಕಿಂಗ್ ಜಾಗಕ್ಕೆ ಹೋಗಿ ಸುತ್ತು ಹೊಡೆದು ಅಭ್ಯಾಸ ಮಾಡಿದ್ದಳು. ರಿವರ್ಸ್ ಗೇರ್ ಹಾಕಿದರೆ ಸಾಕು, ಅಂಗೈ ಬೆವರಿ ಕಾಲು ಬ್ರೇಕಿನ ಮೇಲೆ ಕಲ್ಲಾಗುತ್ತಿತ್ತು. ಇಷ್ಟು ವರ್ಷ ಕಾರನ್ನೂ ಹಿಂದಕ್ಕೆ ತೆಗೆದುಕೊಡುತ್ತಿದ್ದದ್ದು ಭಾವನೇ. "ಎಲ್ಲಾ ಆಗುತ್ತೆ ಪದ್ದು, ರಿವರ್ಸ್ ಮಾತ್ರ ನನ್ ಕೈಲಾಗಲ್ಲ. ಅದಕ್ಕೇ ಮಾರ್ತಿರೋದು" ಅಂದಳು.

ನಾನು ಪಾಪ ಅಂದೆ. ಒಳಗೊಳಗೆ ರಿವರ್ಸ್ ಗೇರಿಗೆ ಒಂದು ನಮಸ್ಕಾರ ಹಾಕಿದೆ.

ಜೆರಾಲ್ಡೀನ್

ಮೊದಲ ದಿನ ನಾವು ಹೋದ ದೂರವನ್ನು ಯಾರಿಗೂ ಹೇಳುವುದು ಬೇಡ ಅಂತ ಅಕ್ಕ ಆಣೆ ಹಾಕಿಸಿಕೊಂಡಿದ್ದಾಳೆ. ಅಷ್ಟು ನಿಧಾನ. ಹಿಂದೆ ಕಾರುಗಳು ಸಾಲುಗಟ್ಟಿದವು, ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಹಾರ್ನಿಲ್ಲದ ರಸ್ತೆಯಲ್ಲಿ ನನಗೆ ಒಂದು ಥರ ಕಿವುಡಾದ ಹಾಗೆ. ದಾರಿಯಲ್ಲಿ ಒಂದೇ ಗಾಡಿ ದಾಟುವಷ್ಟು ಅಗಲದ ಸೇತುವೆಗಳು ಬರುತ್ತವೆ. ಒಂದು ಕಡೆಯವರು ನಿಂತು ಇನ್ನೊಂದು ಕಡೆಯವರನ್ನು ಕಳಿಸಿಕೊಡುತ್ತಾರೆ, ದಾಟಿದವರು ಕೈ ಎತ್ತುತ್ತಾರೆ. ಇಂಥದ್ದೊಂದು ಸೇತುವೆಯನ್ನು ನಮ್ಮ ಬೆಂಗಳೂರಿನ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಕಟ್ಟಿದರೆ ಏನಾಗಬಹುದು ಅಂತ ಯೋಚಿಸಿ ನನಗೆ ಕೂತಲ್ಲೇ ನಗು ಬಂತು. ಎರಡೂ ಕಡೆಯವರು ಮಧ್ಯಕ್ಕೆ ಬಂದು ಇಳಿದು ನಿಲ್ಲುತ್ತಾರೆ, ಕತ್ತಲಾಗುವ ತನಕ.

ಇನ್ನೊಂದು ವಿಚಿತ್ರ, ಎದುರಿಗೆ ಬಂದ ಮನೆಗಾಡಿಯವರೆಲ್ಲ ನಮಗೆ ಕೈ ಬೀಸುತ್ತಿದ್ದರು. ಅಕ್ಕನಿಗೆ ಇಷ್ಟೊಂದು ಜನ ಪರಿಚಯವೇ ಅಂತ ನಾನು ಬೆರಗಾದೆ. ಪರಿಚಯವೂ ಇಲ್ಲ, ಏನೂ ಇಲ್ಲ. ಮನೆಗಾಡಿಯವರು ಮನೆಗಾಡಿಯವರಿಗೆ ಕೈ ಬೀಸಬೇಕು, ಅದು ಅಲ್ಲಿಯ ರೂಢಿ. ಅಕ್ಕ ಮೊದಲು ಸ್ಟಿಯರಿಂಗ್ ಬಿಡಲಾರದೆ ತಲೆ ಅಲ್ಲಾಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಎರಡು ಬೆರಳು ಎತ್ತುವಷ್ಟು ಧೈರ್ಯ ಬಂದಿತ್ತು.

ಮೊದಲ ಬುದ್ಧಿಮಾತು: ಹೊರಡುವ ಮುಂಚೆ ಪ್ರತಿ ಬೀರುವಿನ ಚಿಲಕವನ್ನೂ ಕೈಯಲ್ಲಿ ಎಳೆದು ನೋಡಿ. ನಾವು ಕಣ್ಣಲ್ಲಿ ನೋಡಿದೆವು. ಮೊದಲನೇ ತಿರುವಿನಲ್ಲೇ ಚಟ್ನಿಪುಡಿ ಡಬ್ಬಿ ಹಾರಿ ಬಂದು ನನ್ನ ತಲೆಯ ಹಿಂದೆ ಬಿಚ್ಚಿಕೊಂಡಿತು. ಅಕ್ಕ ಗಾಡಿ ಓಡಿಸುತ್ತಾ ಸೀನಿದಳು, ನಾನು ಕಿರುಚಿದೆ, ಗಾಡಿ ಮಾತ್ರ ನೆಟ್ಟಗೇ ಹೋಯಿತು. ಆಮೇಲೆ ಎಷ್ಟು ಒರೆಸಿದರೂ ಸೀಟಿನ ಸಂದಿಯಿಂದ ಒಗ್ಗರಣೆಯ ವಾಸನೆ ಹೋಗಲಿಲ್ಲ. ಕೊಳ್ಳುವವರಿಗೆ ಏನು ಹೇಳೋದು ಅಂತ ಅಕ್ಕ ತಲೆ ಚಚ್ಚಿಕೊಂಡಳು.

ಸಂಜೆ ಗಾಡಿಗಳು ತಂಗುವ ಕ್ಯಾಂಪ್ ಸೇರಿದೆವು. ಹಿಂದಕ್ಕೆ ತೆಗೆಯುವ ಅಗತ್ಯವಿಲ್ಲದ ಜಾಗ ಕೊಡಿ, ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡಬೇಕು ಅಂತ ಅಕ್ಕ ಫೋನಿನಲ್ಲೇ ಗೋಗರೆದಿದ್ದಳು. ನಾನು ಇಳಿದು ಕ್ಯಾಂಪನ್ನು ಸುತ್ತ ನೋಡಿದೆ. ಅದು ಸಾಕ್ಷಾತ್ ನಮ್ಮ ಹಳೇ ವಠಾರ. ಸಾಲಾಗಿ ಸಣ್ಣ ಸಣ್ಣ ಮನೆ, ನಡುವೆ ಎಲ್ಲರಿಗೂ ಒಂದು ನಲ್ಲಿ, ಒಂದು ಬಟ್ಟೆ ಒಣಹಾಕುವ ಜಾಗ, ಆ ಮೂಲೆಗೆ ಬಚ್ಚಲುಗಳು. ಟವೆಲ್ ಹೆಗಲಿಗೆ ಹಾಕಿಕೊಂಡು, ಸೋಪಿನ ಡಬ್ಬಿ ಹಿಡಿದು, ಬಚ್ಚಲು ಖಾಲಿಯಾಗಲಿ ಅಂತ ಕಾಯುತ್ತಾ ಊರಿನ ಸುದ್ದಿ ಮಾತಾಡುವ ಗಂಡಸರು. ಚಿಕ್ಕವಳಿದ್ದಾಗ ಜೋಗುಪಾಳ್ಯದ ವಠಾರದಲ್ಲಿ ಎದುರುಮನೆಯ ತಮಿಳು ಅಮ್ಮ ಸಾಂಬಾರಿಗೆ ಒಗ್ಗರಣೆ ಹಾಕಿದರೆ ನಮಗೆ ಊಟದ ಹೊತ್ತಾಯಿತು ಅಂತ ಗೊತ್ತಾಗುತ್ತಿತ್ತು. ಇಲ್ಲಿ ಪಕ್ಕದ ಗಾಡಿಯಿಂದ ಮಾಂಸ ಸುಡುವ ವಾಸನೆ ಬಂತು. ಆದರೂ ಹಸಿವಾಗಿದ್ದು ನಿಜ.

ಹೊಸ ಕಾವಲಿಗೆ ಹಿಟ್ಟು ಹುಯ್ದೆ. ಹಿಟ್ಟು ದುಂಡಗೆ ಹರಡುವುದು ಬಿಟ್ಟು ಒಂದೇ ದಿಕ್ಕಿಗೆ ಓಡಿತು. ಗಾಡಿ ಓರೆಯಾಗಿ ನಿಂತಿತ್ತು. ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಹಲಗೆಗಳನ್ನು ಭಾವ ತಂದಿಟ್ಟಿದ್ದರು. ಅವು ಏತಕ್ಕೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವುಗಳ ಮೇಲೆ ಗಾಡಿ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ, ದೋಸೆ ದುಂಡಗೆ ಬರುವ ತನಕ ಸರಿಮಾಡಿದೆವು. ಇದಕ್ಕೆಂದೇ ಮಟ್ಟ ನೋಡುವ ಸಲಕರಣೆ ಸಿಗುತ್ತದಂತೆ. ನಮಗೆ ದೋಸೆಯೇ ಸಾಕಾಯಿತು.

ಅಕ್ಕ ಮೂರು ದೋಸೆ ತಿಂದಳು. ಅವಳು ಅಷ್ಟು ತಿಂದದ್ದನ್ನು ನಾನು ಬಂದಮೇಲೆ ನೋಡಿರಲಿಲ್ಲ. ನೋಡಿ ಸಂತೋಷಪಡಬೇಕಾದವಳು ಯಾಕೋ ಸ್ವಲ್ಪ ಗಾಬರಿಯಾದೆ.

ಫೇರ್ಲಿ

ಫೇರ್ಲಿಯ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಗಾಡಿ ಮಾರ್ಗರೇಟ್ ಎಂಬ ಮುದುಕಿಯದು. ಅಕ್ಕನಿಗಿಂತ ದೊಡ್ಡವಳು, ಜೊತೆಗೆ ಒಂದು ಕುಂಟು ನಾಯಿ, ಬೇರೆ ಯಾರೂ ಇಲ್ಲ. ಗಂಡ ಸತ್ತಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟು ಗಾಡಿಯಲ್ಲೇ ಇದ್ದಾಳಂತೆ. ನನಗೆ ಅವಳನ್ನು ಕಂಡರೆ ಮೊದಲ ನೋಟಕ್ಕೇ ಆಗಲಿಲ್ಲ. ಅಕ್ಕನ ಮುಂದೆ ಇಂಥ ಉದಾಹರಣೆ ಬಂದು ಕೂರುವುದು ನನಗೆ ಬೇಕಿರಲಿಲ್ಲ. ನಾನು ಕೊಟ್ಟ ನಿಪ್ಪಟ್ಟು ಮುರಿದು ನಾಯಿಗೂ ಹಾಕಿದಳು.

ಆದರೆ ವಿಷಯ ಗೊತ್ತಿದ್ದವಳು. ಗಾಡಿ ಚಲಿಸುವಾಗ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಅಂದಳು. ಛಾವಣಿಯ ಕಿಟಕಿ ಮುಚ್ಚಿದೆಯೇ ನೋಡಿ, ಕರೆಂಟಿನ ವೈರ್ ಕಿತ್ತಿಟ್ಟ ಮೇಲೆಯೇ ಕೀ ತಿರುಗಿಸಿ, ಗಾಡಿಯ ಎತ್ತರ ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು ಅಂದಳು. ಪಾತ್ರೆ ತೊಳೆದ ನೀರು ಹೋಗಿ ಸೇರುವ ಟ್ಯಾಂಕು ಒಂದಿರುತ್ತದೆ, ಅದನ್ನು ಕ್ಯಾಂಪ್ ಬಿಡುವ ಮುಂಚೆ ಖಾಲಿ ಮಾಡಬೇಕು. ಕಕ್ಕಸಿನ ಡಬ್ಬಿಯನ್ನೂ ಅಷ್ಟೇ. ಆ ಡಬ್ಬಿ ಎಳೆದುಕೊಂಡು ಹೋಗುವ ಕೆಲಸಕ್ಕೆ ನಾನು ಮೂಗು ಮುಚ್ಚಿ ದೂರ ನಿಂತೆ. ಅಕ್ಕ ಗ್ಲೌಸ್ ಹಾಕಿ ಕ್ಷಣದಲ್ಲಿ ತೊಳೆದಿಟ್ಟು ಬಂದಳು. ಆಸ್ಪತ್ರೆಯಲ್ಲಿ ಇದಕ್ಕಿಂತ ಎಷ್ಟೋ ಮಾಡಿದೀನಿ, ನಿನ್ನ ಆಫೀಸಿನ ಫೈಲಿಗಿಂತ ಇದು ಚೊಕ್ಕಟ ಅಂತ ನನಗೇ ಚುಚ್ಚಿದಳು.

ನೀರಿನ ವಿಷಯದಲ್ಲೂ ಮಾರ್ಗರೇಟ್ ಏನೋ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ನಾನು ನಲ್ಲಿ ತಿರುಗಿಸಿದೆ. ಆಹಾ, ಏನು ನೀರು, ಕೈಗೆ ಹೊಡೆದರೆ ಕೈ ಹಿಂದಕ್ಕೆ ಹೋಗಬೇಕು. ನಮ್ಮ ಬೀದಿಯಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ಅವರಿಗೆ ಮನಸ್ಸು ಬಂದಾಗ. ನಲ್ಲಿಯಲ್ಲಿ ನೀರು ಬರುತ್ತಿರುವಾಗ ಒಂದು ಪಾತ್ರೆ ಖಾಲಿ ಬಿಟ್ಟರೆ ಅಮ್ಮ ನಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಬಕೆಟ್ಟು, ಕೊಡ, ಡ್ರಮ್ಮು ತುಂಬಿದ ಮೇಲೆ ಚೊಂಬು, ಲೋಟ ಸಹ ತುಂಬಬೇಕು. ಯಾಕೆ ಅಂತ ಯಾರೂ ಕೇಳುವುದಿಲ್ಲ, ಕೈ ತಾನಾಗಿ ಮಾಡುತ್ತದೆ. ನನ್ನ ಕೈಯೂ ಮಾಡಿತು. ಗಾಡಿಯ ಟ್ಯಾಂಕನ್ನು ತುಳುಕುವ ತನಕ ತುಂಬಿದೆ. ಎರಡು ಬಕೆಟ್ ತುಂಬಿದೆ. ಕುಕ್ಕರ್, ಡಬರಿ, ಟೀ ಕೆಟಲ್, ಇದ್ದಬದ್ದ ಬಾಟಲಿ ಎಲ್ಲ ತುಂಬಿ ಎರಡು ಸೀಟಿನ ನಡುವೆ ಸಾಲಾಗಿ ಇಟ್ಟು ಮೇಲೆ ಟವೆಲ್ ಹೊದಿಸಿದೆ. ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಖಾಲಿ ಮಾಡಿದೆಯಾ ಅಂತ ಅಕ್ಕ ಕೇಳಿದಾಗ ಹೂಂ ಅಂದುಬಿಟ್ಟೆ. ಅವಳು ಕೇಳಿದ್ದು ನೀರು ತುಂಬಿದೆಯಾ ಅಂತಲೇ ಅಂದುಕೊಂಡಿದ್ದೆ, ಗಮನವೆಲ್ಲ ನಲ್ಲಿಯ ಮೇಲಿತ್ತು. ಮನಸ್ಸಿಗೆ ಒಂದು ನೆಮ್ಮದಿ ಬಂತು. ಎರಡು ದಿನ ನೀರು ಬರದಿದ್ದರೂ ಚಿಂತೆಯಿಲ್ಲ.

ಬರ್ಕ್ಸ್ ಪಾಸ್

ಊರು ದಾಟಿ ಏರು ಶುರುವಾಯಿತು. ನಮ್ಮ ನಂದಿ ಬೆಟ್ಟದ ದಾರಿಯ ಮುಂದೆ ಅದು ಏರೇ ಅಲ್ಲ. ಆದರೂ ಗಾಡಿ ತೇಕತೊಡಗಿತು. ಏನೋ ಆಗಿದೆ, ಎಂಜಿನ್ ಕೆಟ್ಟಿರಬೇಕು ಅಂತ ಅಕ್ಕನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಒಂದು ತಿರುವು. ನನ್ನ ಬೆನ್ನ ಹಿಂದೆ ಮೊದಲು ಬಕೆಟ್ಟು, ಆಮೇಲೆ ಡಬರಿ, ಆಮೇಲೆ ಕುಕ್ಕರ್ ಮುಚ್ಚಳ, ಒಂದೊಂದಾಗಿ ಮಗುಚಿಕೊಂಡ ಸದ್ದು. ಏರಿನಲ್ಲಿದ್ದದ್ದರಿಂದ ಅಷ್ಟೂ ನೀರು ಹಿಂದಕ್ಕೆ, ಮಂಚದ ಕಡೆಗೆ ನುಗ್ಗಿತು.

ಅಕ್ಕ ಪಕ್ಕದಲ್ಲಿ ಕಂಡ ಒಂದು ಜಲ್ಲಿ ದಾರಿಗೆ ಗಾಡಿ ಇಳಿಸಿದಳು. ದಾರಿ ಒಂದು ತೊರೆಯ ಹತ್ತಿರ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ಮುಗಿಯಿತು. ಗೇಟಿನಾಚೆ ಕುರಿಗಳು ನಿಂತು ನಮ್ಮನ್ನು ನೋಡಿದವು. ಗಾಡಿ ತಿರುಗಿಸಲು ಜಾಗವಿಲ್ಲ ಅಂತ ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹಿಂಬಾಗಿಲು ತೆರೆದರೆ ನೀರು ಧೋ ಅಂತ ಕೆಳಗಿಳಿಯಿತು. ಹಾಸಿಗೆಯ ಅಂಚು ತೊಯ್ದಿತ್ತು. ಮಂಚದ ಕೆಳಗಿನ ಬೀರುವಿನಿಂದ ನೀರು ಜಿನುಗುತ್ತಿತ್ತು. ಭಾವನ ಬೀರು. ಅಕ್ಕ ಅದರ ಮುಂದೆ ಮಂಡಿಯೂರಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಸಮಾಧಾನವಾಗುತ್ತಿತ್ತು, ಬೈಯಲಿಲ್ಲ. ಬಾಗಿಲು ಎಳೆದು ಒಂದೊಂದನ್ನೇ ಹೊರಗೆ ತೆಗೆದಳು. ದಪ್ಪ ಜಾಕೆಟ್ಟು, ಎರಡು ಶರ್ಟು, ಉಲ್ಲನ್ ಕಾಲುಚೀಲ, ಒಂದು ಲುಂಗಿ. ಕೊನೆಗೆ ಕಂದು ಬಣ್ಣದ ಮಂಕಿ ಟೋಪಿ.

ಟೋಪಿಯನ್ನು ಕೈಯಲ್ಲಿ ಹಿಡಿದು ಅವಳು ನಕ್ಕಳು. ನಗುತ್ತಲೇ ಅಳು ಬಂತು. ಮದುವೆಯಾದ ಹೊಸದರಲ್ಲಿ ಬೆಳಗಿನ ಶಿಫ್ಟಿಗೆ ಫ್ಯಾಕ್ಟರಿಗೆ ಹೋಗುವಾಗ ಭಾವ ಹಾಕಿಕೊಳ್ಳುತ್ತಿದ್ದ ಟೋಪಿಯಂತೆ ಅದು, ಹಿಮ ಬೀಳುವ ದೇಶದಲ್ಲೂ ಅವರಿಗೆ ಅದೇ ಬೇಕು. ಈ ಗಾಡಿಯಲ್ಲಿ ಮಲಗುವಾಗ ಹಾಕಿಕೊಳ್ಳೋಕೆ ಇಟ್ಕೊಂಡಿರ್ತಾರೆ, ನೋಡು ಅಂದಳು. ನಾನು ಕ್ಷಮಿಸು ಅಕ್ಕ, ನಾನು ನೀರು ತುಂಬಬಾರದಿತ್ತು ಅಂತ ಶುರು ಮಾಡಿದೆ. ಅವಳು ತಡೆದಳು.

"ನೀನೊಬ್ಳೇ ಅಂದ್ಕೊಂಡ್ಯಾ? ಅವರು ಇರೋ ತನಕ ದಿನಾ ಮಲಗೋ ಮುಂಚೆ ಬಚ್ಚಲಲ್ಲಿ ಎರಡು ಬಕೆಟ್ ತುಂಬ್ಸಿಟ್ಟು ಮಲಗ್ತಿದ್ರು ಕಣೆ. ಇಲ್ಲಿ ಒಂದು ದಿನಾನೂ ನೀರು ನಿಂತಿಲ್ಲ. ನಾನು ಎಷ್ಟು ಬೈತಿದ್ದೆ. ಈಗ ನಾನೇ ತುಂಬ್ಸಿಡ್ತೀನಿ."

ನನ್ನ ಒಂದು ಸೀರೆಯನ್ನು ಗಾಡಿಯ ಕನ್ನಡಿಯಿಂದ ಗೇಟಿಗೆ ಬಿಗಿದು ಕಟ್ಟಿ ಭಾವನ ಬಟ್ಟೆಗಳನ್ನು ಒಣಹಾಕಿದೆವು. ಬಿಸಿಲು ಚುರುಕಾಗಿತ್ತು, ಗಾಳಿ ಅದಕ್ಕಿಂತ ಜೋರು. ತೊರೆಯ ಪಕ್ಕ ಕೂತು ನಿನ್ನೆಯ ಪುಳಿಯೋಗರೆ ತಿಂದೆವು. ವಠಾರದವರೆಲ್ಲ ಸೇರಿ ವ್ಯಾನ್ ಮಾಡಿಕೊಂಡು ತಿರುಪತಿಗೆ ಹೋಗುತ್ತಿದ್ದದ್ದು, ಕೋಲಾರ ದಾಟಿದ ಮೇಲೆ ಹುಣಸೆಮರದ ಕೆಳಗೆ ಸೀಮೆಎಣ್ಣೆ ಸ್ಟೌ ಹಚ್ಚಿ ಕಾಫಿ ಮಾಡುತ್ತಿದ್ದದ್ದು, ಗಾಳಿಗೆ ಸ್ಟೌ ಆರದಂತೆ ಅಮ್ಮಂದಿರು ಸೆರಗು ಅಡ್ಡ ಹಿಡಿದು ಸುತ್ತ ನಿಲ್ಲುತ್ತಿದ್ದದ್ದು, ಎಲ್ಲ ಮಾತಿಗೆ ಬಂತು. ಆ ಮರಗಳು ಈಗಿಲ್ಲ. ಆ ಅಮ್ಮಂದಿರೂ ಇಲ್ಲ. ಅಕ್ಕ ಭಾವನ ಮಾತನ್ನು ಇಷ್ಟು ಸಲೀಸಾಗಿ ಆಡಿದ್ದು ಅವರು ಹೋದಮೇಲೆ ಅದೇ ಮೊದಲು.

ಬಟ್ಟೆ ಒಣಗಿ, ಮಡಿಸಿ ಇಟ್ಟಾದ ಮೇಲೆ ಹೊರಡೋಣ ಅಂತ ಎದ್ದಾಗ ವಿಷಯ ತಿಳಿಯಿತು. ಮುಂದೆ ಬೀಗ ಹಾಕಿದ ಗೇಟು. ಎಡಕ್ಕೆ ಚರಂಡಿಯಂಥ ಹಳ್ಳ. ಬಲಕ್ಕೆ ಬೇಲಿ. ಹೊರಗೆ ಹೋಗುವುದಾದರೆ ಬಂದ ದಾರಿಯಷ್ಟೂ ಹಿಂದಕ್ಕೇ ಹೋಗಬೇಕು.

ಅಕ್ಕ ಸೀಟಿನಲ್ಲಿ ಕೂತು ಗೇರ್ ಹಾಕಿದಳು. ಹಿಂದಿನ ಕ್ಯಾಮೆರಾ ಕುಯ್ ಕುಯ್ ಅಂತ ಬಡಿದುಕೊಳ್ಳತೊಡಗಿತು. ಗಾಡಿ ಒಂದು ಗೇಣು ಸರಿದು ನಿಂತಿತು. ಅವಳು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಆಗಲ್ಲ ಪದ್ದು. ಯಾರನ್ನಾದ್ರೂ ಕರೆಸೋಣ, ಅವರೇ ತೆಗೀಲಿ. ಇಲ್ಲಿಂದಾನೇ ವಾಪಸ್ ಹೋಗೋಣ. ಮಾರಿ ನಿನ್ ಜೊತೆ ಬಂದ್ಬಿಡ್ತೀನಿ, ಸಾಕು."

ಯಾವ ಮಾತನ್ನು ಕೇಳಲು ನಾನು ಸಮುದ್ರ ದಾಟಿ ಬಂದಿದ್ದೆನೋ ಆ ಮಾತು ಅದು. ಫೋನ್ ನನ್ನ ಕೈಯಲ್ಲೇ ಇತ್ತು. ಆದರೆ ಅಕ್ಕನ ಮುಖ ನೋಡಿದೆ. ಹೀಗೆ ಸೋತು ಕೈಚೆಲ್ಲಿದ ಅಕ್ಕನನ್ನು ಕರೆದುಕೊಂಡು ಹೋಗಿ ಹಸಿರು ರೂಮಿನಲ್ಲಿ ಕೂರಿಸಿ ನಾನು ಏನು ಮಾಡಲಿ? ನನಗೆ ಬೇಕಾದದ್ದು ಇವಳಲ್ಲ ಅನ್ನಿಸಿತು. ಫೋನನ್ನು ಬ್ಯಾಗಿಗೆ ಹಾಕಿ ಕೆಳಗಿಳಿದೆ.

ನಮ್ಮಪ್ಪ ಫ್ಯಾಕ್ಟರಿ ಬಸ್ ಡ್ರೈವರ್. ಬೆಳಗಿನ ಶಿಫ್ಟಿನವರನ್ನು ಕರೆದೊಯ್ಯಬೇಕಾದ್ದರಿಂದ ರಾತ್ರಿ ಬಸ್ಸನ್ನು ನಮ್ಮ ಓಣಿಗೇ ತರುತ್ತಿದ್ದರು. ಆ ಓಣಿಗೆ ಬಸ್ಸು ನುಗ್ಗಿದರೆ ಪಕ್ಕದಲ್ಲಿ ಒಂದು ಸೈಕಲ್ಲಿಗೂ ಜಾಗ ಉಳಿಯುತ್ತಿರಲಿಲ್ಲ. ಅಪ್ಪ ಬಸ್ಸನ್ನು ಹಿಂದುಹಿಂದಕ್ಕೆ ಒಳಗೆ ತರುವಾಗ ಹಿಂದೆ ನಿಂತು ಬಾಡಿ ತಟ್ಟುವುದು ಮಕ್ಕಳಾದ ನಮ್ಮ ಕೆಲಸ. ಒಂದೇ ಸಮ ತಟ್ಟುತ್ತಿದ್ದರೆ ಬರಬಹುದು. ತಟ್ಟುವುದು ನಿಂತರೆ ನಿಲ್ಲಬೇಕು. ಅಪ್ಪ ಕನ್ನಡಿಯನ್ನೂ ನೋಡುತ್ತಿರಲಿಲ್ಲ, ಸದ್ದು ಕೇಳಿಕೊಂಡೇ ಬರುತ್ತಿದ್ದರು.

ಕ್ಯಾಮೆರಾದ ಪರದೆಯ ಮೇಲೆ ಟವೆಲ್ ಹಾಕು, ನನ್ನ ಕೈ ಸದ್ದು ಮಾತ್ರ ಕೇಳು, ಕನ್ನಡಿಯಲ್ಲಿ ನಾನು ಕಾಣದೇ ಹೋದರೆ ತಕ್ಷಣ ನಿಲ್ಲಿಸು ಅಂತ ಅಕ್ಕನಿಗೆ ಹೇಳಿದೆ. ಹಿಂದಿನ ಮೂಲೆಗೆ ಹೋಗಿ ಅಂಗೈಯಿಂದ ಗಾಡಿಯ ಮೈ ತಟ್ಟಿದೆ. "ಬರ್ಲಿ, ಬರ್ಲಿ, ಬರ್ಲಿ..." ನನ್ನ ಗಂಟಲಿನಿಂದ ಬಂದದ್ದು ಹತ್ತು ವರ್ಷದ ಹುಡುಗಿಯ ದನಿ. ಏನೂ ಆಗಲಿಲ್ಲ. ಮತ್ತೆ ತಟ್ಟಿದೆ. ಚಕ್ರದ ಕೆಳಗೆ ಜಲ್ಲಿ ಕರಕರ ಅಂದಿತು, ಗಾಡಿ ಬಂತು. ಹಳ್ಳದ ಕಡೆ ವಾಲಿದಾಗ ಕೈ ನಿಲ್ಲಿಸಿದೆ, ಅಕ್ಕ ನಿಂತಳು. ಸ್ಟಿಯರಿಂಗ್ ಸ್ವಲ್ಪ ಬಲಕ್ಕೆ ಒಡಿ ಅಂದೆ, ತಿರುಗಿಸಿದಳು. ಬರ್ಲಿ, ಬರ್ಲಿ. ಅರ್ಧ ದಾರಿಯಲ್ಲಿ ಅಕ್ಕನೂ ಒಳಗಿನಿಂದ ಬರ್ಲಿ ಬರ್ಲಿ ಅನ್ನತೊಡಗಿದಳು. ಕೊನೆಗೆ ಡಾಂಬರು ರಸ್ತೆಯ ಅಂಚಿಗೆ ಬಂದಾಗ ನಾನು ಹೋಲ್ಡಾನ್ ಅಂತ ಕೂಗಿ ಎರಡು ಸಲ ಬಲವಾಗಿ ಬಡಿದೆ. ರಸ್ತೆ ಖಾಲಿಯಿದೆಯೇ ಅಂತ ಎರಡೂ ಕಡೆ ನೋಡಿ, ಗಾಡಿಯನ್ನು ಪೂರ್ತಿ ರಸ್ತೆಗೆ ತೆಗೆಸಿದೆ.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕೆನ್ನೆ ಕೆಂಪಗಾಗಿತ್ತು. ಮುಖ ನನಗೆ ಗುರುತಿದ್ದ ಹಳೇ ಶಾರದಕ್ಕನದು. ನನಗೆ ತುಂಬ ಸಂತೋಷವಾಯಿತು, ಹಸಿರು ರೂಮು ಖಾಲಿಯೇ ಉಳಿಯುತ್ತದೇನೋ ಅಂತಲೂ ಅನ್ನಿಸಿತು.

ಟೆಕಪೋ

ಟೆಕಪೋ ಸರೋವರದ ನೀರಿನ ನೀಲಿಯನ್ನು ವರ್ಣಿಸಿ ಅಂತ ಕೇಳಿದರೆ ನನ್ನ ಕೈಲಾಗುವುದಿಲ್ಲ. ಹಲಸೂರು ಕೆರೆ ನೋಡಿ ಬೆಳೆದವಳಿಗೆ ನೀರಿಗೆ ಅಂಥ ಬಣ್ಣ ಇರಬಹುದು ಅಂತಲೇ ನಂಬಿಕೆ ಬರುವುದಿಲ್ಲ. ಅಕ್ಕ ಮೊದಲು ಅದನ್ನು ನೋಡಲೂ ಇಲ್ಲ. ಕ್ಯಾಂಪಿನವರು ನುಗ್ಗಿ ಹೊರಡುವ ಜಾಗ ಕೊಟ್ಟರೆ ಬೇಡ, ಹಿಂದಕ್ಕೆ ತೆಗೆದು ನಿಲ್ಲಿಸುವ ಜಾಗವೇ ಕೊಡಿ ಅಂತ ಕೇಳಿ ಪಡೆದಳು. ನಾನು ತಟ್ಟಿದೆ, ಅವಳು ನಿಲ್ಲಿಸಿದಳು. ಹೊರಗೆ ತೆಗೆದು ಮತ್ತೆ ನಿಲ್ಲಿಸಿದಳು. ಮೂರನೆಯ ಸಲ ನನ್ನನ್ನು ಸುಮ್ಮನೆ ಕುರ್ಚಿಯಲ್ಲಿ ಕೂತಿರಲು ಹೇಳಿ ತಾನೊಬ್ಬಳೇ ಇಳಿದು ಇಳಿದು ನೋಡಿಕೊಂಡು ನಿಲ್ಲಿಸಿದಳು. ಸ್ವಲ್ಪ ಓರೆಯಾಗಿತ್ತು. ಅಡ್ಡಿಯಿಲ್ಲ ಅಂತ ತಾನೇ ತನಗೆ ಹೇಳಿಕೊಂಡಳು.

ಏರಿನಲ್ಲಿ ಗಾಡಿ ತೇಕಿದ್ದು ನಾನು ತುಂಬಿಸಿದ ನೀರಿನ ಭಾರಕ್ಕೆ ಅಂತ ಈಗ ಗೊತ್ತಾಗಿತ್ತು. ನೀರನ್ನು ಬೇಕಾದಷ್ಟೇ ತುಂಬಿದೆವು, ಪಾತ್ರೆ ತೊಳೆದ ನೀರನ್ನು ಹುಯ್ದು ಬಂದೆವು. ಅಲ್ಲಿ ಎರಡು ದಿನ ಇದ್ದೆವು. ಭಾವನ ಮಂಕಿ ಟೋಪಿ ಹಾಕಿಕೊಂಡು ಅಕ್ಕ ಸರೋವರದ ದಂಡೆಯುದ್ದಕ್ಕೂ ನಡೆದಳು. ಮಾರುವ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜೋಗುಪಾಳ್ಯದ ರೂಮಿನ ಬಣ್ಣ, ಪರದೆ, ಬೆಳಿಗ್ಗೆ ಇಬ್ಬರೂ ಹಲಸೂರು ದೇವಸ್ಥಾನದ ತನಕ ನಡೆದು ಹೋಗಬಹುದಾದದ್ದು, ಇವನ್ನೆಲ್ಲ ನಾನು ಒಂದೆರಡು ಸಲ ಹೇಳಿದೆ. ಅವಳು ಹೌದು ಕಣೆ, ಚೆನ್ನಾಗಿರುತ್ತೆ ಅಂದಳು. ಸುಳ್ಳು ಹೇಳುವವಳಲ್ಲ. ಕೊಟ್ಟ ಮಾತು ತಪ್ಪುವವಳೂ ಅಲ್ಲ, ಅದೇ ನನಗೆ ಕಷ್ಟವಾಗತೊಡಗಿತು.

ಮತ್ತೆ ಕ್ರೈಸ್ಟ್‌ಚರ್ಚ್

ನಾವು ಮನೆ ಸೇರಿದ ಮಾರನೆಯ ಬೆಳಿಗ್ಗೆ ಗಾಡಿ ಕೊಳ್ಳುವ ಗಂಡ ಹೆಂಡತಿ ಬಂದರು. ಮಧ್ಯವಯಸ್ಸಿನವರು, ಒಳ್ಳೆಯ ಜನ. ಬರುವಾಗ ಅಕ್ಕನಿಗೆ ಹೂವು ತಂದಿದ್ದರು. ತಾವು ಇದಕ್ಕೆ ಹೊಸಬರು, ಸ್ವಲ್ಪ ಹೇಳಿಕೊಡಬೇಕು ಅಂತ ಕೇಳಿಕೊಂಡರು.

ಅಕ್ಕ ಹೇಳಿಕೊಡತೊಡಗಿದಳು. ಒಂದೇ ಪ್ರವಾಸ ಮಾಡಿದವಳು ಹುಟ್ಟಿದಾಗಿನಿಂದ ಗಾಡಿಯಲ್ಲೇ ಇದ್ದವಳ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಚಿಲಕವನ್ನು ಕಣ್ಣಲ್ಲಿ ನೋಡಬೇಡಿ, ಕೈಯಲ್ಲಿ ಎಳೆಯಿರಿ. ಗ್ಯಾಸ್ ಬಂದ್ ಮಾಡಿ. ನೀರಿಗೆ ಭಾರವಿದೆ, ಒಂದು ದಿನಕ್ಕೆ ಬೇಕಾದಷ್ಟು ಮಾತ್ರ ಹೊತ್ತುಕೊಳ್ಳಿ. ಹಿಂದಕ್ಕೆ ತೆಗೆಯುವಾಗ ದಾರಿ ಹೇಳುವವರು ಒಬ್ಬರೇ ಇರಲಿ, ಇಬ್ಬರು ಹೇಳಿದರೆ ಗಾಡಿ ಹಳ್ಳಕ್ಕೆ. ಯಾರೂ ಇಲ್ಲದಿದ್ದರೆ ನಾಚಿಕೆಪಡದೆ ಎಷ್ಟು ಸಲ ಬೇಕಾದರೂ ಇಳಿದು ನೋಡಿ. ಆ ಹೆಂಗಸು ತಲೆಯಾಡಿಸುತ್ತಾ ಕೇಳುತ್ತಿದ್ದಳು. ಅಕ್ಕ ಡ್ರೈವರ್ ಸೀಟು ಹತ್ತಿ ಕೂತು ಕನ್ನಡಿ ಹೊಂದಿಸುವುದನ್ನು ತೋರಿಸಿದಳು. ಪಶ್ಚಿಮದ ಕರಾವಳಿಗೆ ಯಾವ ದಾರಿಯಲ್ಲಿ ಹೋಗಬೇಕು, ದಕ್ಷಿಣದ ತುದಿಯ ತನಕ ಹೋಗಿ ಬರಲು ಯಾವ ತಿಂಗಳು ಒಳ್ಳೆಯದು, ಎಲ್ಲ ಹೇಳಿದಳು. ಅವಳು ಇನ್ನೂ ಹೋಗದ ದಾರಿಗಳು ಅವು. ಭಾವನೂ ಅವಳೂ ಊಟದ ಮೇಜಿನ ಮುಂದೆ ಕೂತು ಮಾತಾಡಿಕೊಂಡಿದ್ದ ದಾರಿಗಳು.

ಆ ಗಂಡಸು ಮೆಲ್ಲಗೆ, ಹಾಗಾದರೆ ನಾವು ಯಾವಾಗ ತೆಗೆದುಕೊಂಡು ಹೋಗಬಹುದು ಅಂತ ಕೇಳಿದ.

 ಅಕ್ಕ ನನ್ನ ಕಡೆ ನೋಡಿದಳು. ಸ್ಟಿಯರಿಂಗ್ ಮೇಲಿಂದ ಕೈ ತೆಗೆದಿರಲಿಲ್ಲ. ಅವರಿಂದ ಅವಳು ಇನ್ನೂ ಮುಂಗಡವನ್ನೂ ತೆಗೆದುಕೊಂಡಿರಲಿಲ್ಲ, ಅವಳು ಮಾತು ಕೊಟ್ಟಿದ್ದು ನನಗೆ. ಆ ಮಾತಿನಿಂದ ಅವಳನ್ನು ಬಿಡಿಸಿದರೆ ನಾನೇ ಬಿಡಿಸಬೇಕು.

ಕ್ಷಮಿಸಿ, ಈ ಗಾಡಿ ಮಾರಾಟಕ್ಕಿಲ್ಲ ಅಂತ ನಾನು ಇಂಗ್ಲಿಷಿನಲ್ಲಿ ಅವರಿಗೆ ಹೇಳಿದೆ. ಆಫೀಸಿನಲ್ಲಿ ಅಷ್ಟು ವರ್ಷ ಜನರಿಗೆ ಇಲ್ಲ ಅಂದು ಅಂದು ಅಭ್ಯಾಸವಾಗಿದ್ದರಿಂದ ದನಿ ನಡುಗಲಿಲ್ಲ. ಅವರಿಬ್ಬರೂ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಪದ್ದು, ನೀನು ಒಬ್ಳೇ ಆಗ್ಬಿಡ್ತೀಯಲ್ಲೇ" ಅಂದಳು.

"ಆಗ್ತೀನಿ. ನೀನು ಗಾಡಿ ಓಡ್ಸು" ಅಂದೆ. ಆಮೇಲೆ ಆ ಅಪರಿಚಿತರ ಮುಂದೆಯೇ ಅತ್ತುಬಿಟ್ಟೆ.